ಎಪ್ಪತ್ತೈದು ಭಾನುವಾರಗಳ ಋಣ

ಕಳೆದ ಭಾನುವಾರ ಹುಬ್ಬಳ್ಳಿಯಲ್ಲಿ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯನ್ನು ಕಲಿಯುವ ನಮ್ಮ ಕೂಟ 75ನೆಯ ಸಲ ಸೇರಿತು. ಎಲ್ಲ ಮುಗಿದು ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದಾಗ ಯಾರೋ ‘ಎರಡು ಮಾತು ಆಡಿ’ ಎಂದರು. ಎದ್ದು ನಿಂತೆ. 2018ರಿಂದ ಬರುತ್ತಿರುವ ಮುಖಗಳನ್ನು ಎದುರಿಗೆ ಕಂಡು ಗಂಟಲು ಕಟ್ಟಿತು. ‘ಎಲ್ಲರಿಗೂ ನಮಸ್ಕಾರ’ ಎಂಬುದರಾಚೆ ಮಾತು ಹೊರಡಲಿಲ್ಲ. ಅಂದು ಆಡಲಾಗದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಪೈಥಾನನ್ನು ನಾನು ಒಬ್ಬನೇ ಕೂತು ಪುಸ್ತಕದಿಂದ ಕಲಿತವನು. ನಾಲ್ಕು ಜನ ಸೇರಿಯೂ ಕಲಿಯಬಹುದು ಎಂದು ತಿಳಿದದ್ದು 2009ರಲ್ಲಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪೈಥಾನ್ ಬಳಸುವವರ ಸಮ್ಮೇಳನವಾದ ಪೈಕಾನ್ ಇಂಡಿಯಾ ಮೊದಲ ಸಲ ನಡೆದಾಗ. ಅದನ್ನು ನಡೆಸಿದವರು ಸ್ವಯಂಸೇವಕರು. ಯಾವ ಸರಕನ್ನೂ ಮಾರಬೇಕಾದ ಹಂಗಿಲ್ಲದೆ, ತಮಗೆ ಒಗ್ಗಿದ ಒಂದು ಭಾಷೆಯನ್ನು ಇನ್ನೊಬ್ಬರಿಗೆ ದಾಟಿಸಲು ಜನ ಎರಡು ದಿನ ಹಾಗೆ ಓಡಾಡುತ್ತಾರೆಂಬುದು ನನಗೆ ಹೊಸ ಸಂಗತಿ. ಊರಿಗೆ ಮರಳಿದ ಮೇಲೂ ಆ ಎರಡು ದಿನಗಳು ತಲೆಯಿಂದ ಹೋಗಲಿಲ್ಲ. ಒಂಬತ್ತು ವರ್ಷ ‘ಮಾಡಬೇಕು, ಮಾಡಬೇಕು’ ಎನ್ನುತ್ತಲೇ ಕಳೆದೆ. ಕೊನೆಗೆ ವಿದ್ಯಾನಗರದಲ್ಲಿ ಟ್ಯೂಷನ್ ನಡೆಸುವ ಒಬ್ಬರು ತಮ್ಮ ಕೊಠಡಿಯನ್ನೂ ಹನ್ನೆರಡು ಕಂಪ್ಯೂಟರುಗಳನ್ನೂ ತಿಂಗಳಿಗೊಂದು ಭಾನುವಾರ ನಮಗೆ ಬಿಟ್ಟುಕೊಟ್ಟರು. ಬಾಡಿಗೆ ಕೇಳಲಿಲ್ಲ, ಇಂದಿಗೂ ಕೇಳಿಲ್ಲ. ಬೀಗದ ಕೈಯನ್ನು ಪಕ್ಕದ ಕಿರಾಣಿ ಅಂಗಡಿಯಲ್ಲಿ ಇಟ್ಟು ಹೋಗುತ್ತಾರೆ. ಮೊದಲ ನಮಸ್ಕಾರ ಅವರಿಗೆ.

ಮೊದಲ ಕೂಟದ ಒಂದು ಗಳಿಗೆಯನ್ನು ಮಾತ್ರ ಪೂರ್ತಿಯಾಗಿ ಹೇಳಬೇಕು, ಏಕೆಂದರೆ ಈ ಏಳು ವರ್ಷ ನಡೆದದ್ದೆಲ್ಲ ಅಲ್ಲಿಂದಲೇ ಹುಟ್ಟಿತು. ಅವರವರ ಊರಿನ ಹೆಸರನ್ನು ಕನ್ನಡದಲ್ಲಿ ಬರೆದು, ಅದರಲ್ಲಿ ಎಷ್ಟು ಅಕ್ಷರಗಳಿವೆ ಎಂದು ಪೈಥಾನನ್ನು ಕೇಳುವುದು ಅಂದಿನ ಅಭ್ಯಾಸ. ಹುಬ್ಬಳ್ಳಿ ಎಂದರೆ ನಮ್ಮ ಕಣ್ಣಿಗೆ ಮೂರಕ್ಷರ. ಆ ಕಂಪ್ಯೂಟರುಗಳಲ್ಲಿ ಇದ್ದದ್ದು ಹಳೆಯ ಎರಡನೆಯ ಆವೃತ್ತಿ. ಅದು ‘27’ ಎಂದಿತು. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಲ್ಯಾಪ್‌ಟಾಪಿನಲ್ಲಿ ಮೂರನೆಯ ಆವೃತ್ತಿಯಿತ್ತು. ಅದರಲ್ಲಿ ಕೇಳಿದರೆ ‘9’ ಎಂದಿತು. 27 ಏಕೆಂದು ಹೇಳಬಲ್ಲವನಾಗಿದ್ದೆ: ಹಳೆಯ ಆವೃತ್ತಿ ಬೈಟುಗಳನ್ನು, ಅಂದರೆ ಕಂಪ್ಯೂಟರಿನ ನೆನಪಿನ ಚಿಕ್ಕ ತುಣುಕುಗಳನ್ನು ಎಣಿಸುತ್ತಿತ್ತು, ಬರಹವನ್ನು ಬೈಟುಗಳಾಗಿ ಇಡುವ ಯುಟಿಎಫ್-8 ಎಂಬ ಪದ್ಧತಿಯಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟು ಬೇಕು. ಆದರೆ ಒಂಬತ್ತು ಹೇಗೆ ಎಂಬುದನ್ನು ಹಲಗೆಯ ಮೇಲೆ ಎಷ್ಟು ಬರೆದರೂ ಕೊಠಡಿಗೆ ಅದು ಹತ್ತಲಿಲ್ಲ.

ಆಗ ಹಿಂದಿನ ಬೆಂಚಿನಿಂದ, ಮುದ್ರಣಾಲಯವೊಂದರಲ್ಲಿ ಇಪ್ಪತ್ತು ವರ್ಷ ಅಕ್ಷರ ಜೋಡಣೆ ಮಾಡಿದ್ದ ಒಬ್ಬರು ಎದ್ದರು. ಮಗನನ್ನು ಬಿಡಲು ಬಂದು ಅಲ್ಲೇ ಕೂತಿದ್ದವರು. ‘ಒಂಬತ್ತು ಸರಿಯಾಗಿಯೇ ಇದೆಯಲ್ಲ, ನಾನು ಒಂಬತ್ತು ಸಲ ಒತ್ತುತ್ತೇನೆ’ ಎಂದು ಬೆರಳು ಮಡಿಸುತ್ತಾ ಎಣಿಸಿದರು: ಹ, ಕೊಂಬು, ಬ, ಒತ್ತು, ಬ, ಳ, ಒತ್ತು, ಳ, ಗುಡಿಸು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಲ್ಲಿ ಅವರ ಬೆರಳುಗಳು ಪಳಗಿದ್ದವು. ವ್ಯಂಜನಕ್ಕೊಂದು ಕೀಲಿ, ಸ್ವರಚಿಹ್ನೆಗೊಂದು ಕೀಲಿ, ಒತ್ತಕ್ಷರ ಬೇಕಾದಾಗ ನಡುವೆ ಅರ್ಧಾಕ್ಷರದ ಕೀಲಿ. ಜಗತ್ತಿನ ಲಿಪಿಗಳ ಪ್ರತಿ ಚಿಹ್ನೆಗೂ ಒಂದು ಸಂಕೇತ ಕೊಡುವ ಯೂನಿಕೋಡ್ ಕನ್ನಡವನ್ನು ಇಟ್ಟುಕೊಳ್ಳುವುದೂ ಅದೇ ಕ್ರಮದಲ್ಲಿ. ನಾನು ಅರ್ಧ ಗಂಟೆಯಲ್ಲಿ ಹೇಳಲಾಗದ್ದನ್ನು ಅವರ ಎರಡು ಕೈಗಳು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದವು. ಆ ಕೊಠಡಿಯಲ್ಲಿ ಪೈಥಾನಿನ ಒಂದು ಸಾಲನ್ನೂ ಕಂಡಿರದ ವ್ಯಕ್ತಿ ಅವರೊಬ್ಬರೇ. ಮುಂದಿನ ತಿಂಗಳಿಂದ ಅವರು ಮಗನಿಗಿಂತ ಮೊದಲೇ ಬರತೊಡಗಿದರು.

ಅದೇ ದಿನ ಗದಗಿನಿಂದ ರೈಲಿನಲ್ಲಿ ಬಂದಿದ್ದ ಪದವಿ ವಿದ್ಯಾರ್ಥಿನಿಯೊಬ್ಬಳು ತನ್ನೂರಿಗೆ ಯಾವ ತೊಂದರೆಯೂ ಆಗಿಲ್ಲ ಎಂದಳು. ನಿಜವೇ! ‘ಗದಗ’ ಕಣ್ಣಿಗೂ ಮೂರು, ಪೈಥಾನಿನ ಮೂರನೆಯ ಆವೃತ್ತಿಗೂ ಮೂರು. ತಿರುಗಿಸಿ ಓದಿಸಿದರೂ ಗದಗವೇ. ಹುಬ್ಬಳ್ಳಿಯನ್ನು ತಿರುಗಿಸಿದರೆ, ಚುಕ್ಕಿಗಳ ಬಳೆಯೊಂದಕ್ಕೆ ಅಂಟಿಕೊಂಡ ಒಂಟಿ ಗುಡಿಸು, ಅದರ ಹಿಂದೆ ‘ಳ್ಳಬ್ಬುಹ’. ‘ನಾನು ನನ್ನೂರನ್ನಷ್ಟೇ ಹಾಕಿ ನೋಡಿದ್ದರೆ ಎಲ್ಲ ಸರಿಯಿದೆ ಎಂದುಕೊಳ್ಳುತ್ತಿದ್ದೆ ಸರ್’ ಎಂದಳು. ತಂತ್ರಾಂಶವನ್ನು ಪರೀಕ್ಷಿಸುವುದು ಹೇಗೆ ಎಂಬ ಬಗ್ಗೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕೇಳಿಲ್ಲ. ಇಂದಿಗೂ ಹೊಸಬರಿಗೆ ಮೊದಲು ಗದಗವನ್ನು ಕೊಟ್ಟು, ಅವರು ಹಿಗ್ಗಿದ ಮೇಲೆ ಹುಬ್ಬಳ್ಳಿಯನ್ನು ಕೊಡುತ್ತೇವೆ.

ಒಂದು ಪದ ಬರಿಯ ಅಕ್ಷರಗಳಿಂದಲೇ ಆಗಿದೆಯೇ ಎಂದು ಕೇಳಲು ಪೈಥಾನಿನಲ್ಲಿ ‘ಈಸ್‌ಆಲ್ಫಾ’ ಎಂಬ ಸೌಲಭ್ಯವಿದೆ. ‘ಗದಗ’ಕ್ಕೆ ಅದು ಹೌದು ಎನ್ನುತ್ತದೆ. ‘ಹುಬ್ಬಳ್ಳಿ’ಗೆ ಅಲ್ಲ. ‘ಕನ್ನಡ’ಕ್ಕೂ ಅಲ್ಲ! ಕೊಂಬು, ಗುಡಿಸು, ಒತ್ತು ಇವೆಲ್ಲ ಯೂನಿಕೋಡಿನ ವಿಂಗಡಣೆಯಲ್ಲಿ ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ಗುರುತುಗಳು. ವಿಚಿತ್ರವೆಂದರೆ ‘ಕನ್ನಡ’ ಎಂಬುದನ್ನು ವೇರಿಯಬಲ್ ಹೆಸರಾಗಿ, ಅಂದರೆ ಪ್ರೋಗ್ರಾಮಿನಲ್ಲಿ ಒಂದು ಬೆಲೆಗೆ ನಾವು ಕೊಡುವ ಹೆಸರಾಗಿ ಬಳಸಲು ಅದೇ ಪೈಥಾನ್ ಒಪ್ಪುತ್ತದೆ. ಇದನ್ನು ಕೇಳಿ ನಿವೃತ್ತ ಕನ್ನಡ ಶಿಕ್ಷಕಿಯೊಬ್ಬರಿಗೆ ನಿಜವಾಗಿಯೂ ಬೇಸರವಾಯಿತು. ಮುಂದಿನ ಕೂಟಕ್ಕೆ ಕಾಗುಣಿತದ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದು ತಂದರು: ಗುರುತು ಬಂದರೆ ಹಿಂದಿನದಕ್ಕೆ ಸೇರಿಸು, ಹಿಂದಿನದು ಅರ್ಧಾಕ್ಷರವಾಗಿದ್ದರೆ ಮುಂದಿನ ವ್ಯಂಜನವನ್ನೂ ಅದಕ್ಕೇ ಸೇರಿಸು. ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಹುಡುಗರು ಇಪ್ಪತ್ತು ಸಾಲಿನ ಪ್ರೋಗ್ರಾಂ ಬರೆದರು. ಹುಬ್ಬಳ್ಳಿ ಮೂರಾಯಿತು; ತಿರುಗಿಸಿದಾಗ ‘ಳ್ಳಿಬ್ಬಹು’ ಎಂದು ಅಚ್ಚುಕಟ್ಟಾಗಿ ಬಂತು. ಆ ಹಾಳೆ ನನ್ನ ಬಳಿ ಜೋಪಾನವಾಗಿದೆ. ಟೀಚರ್, ನಿಮಗೆ ಶರಣು.

ಪೈಥಾನಿನ ಮೊದಲ ಆವೃತ್ತಿಯನ್ನು ಗೀಡೊ ವಾನ್ ರೋಸಮ್ ಹೊರತಂದದ್ದು 1991ರಲ್ಲಿ. ಕನ್ನಡವನ್ನು ಒಳಗೊಂಡ ಮೊದಲ ಯೂನಿಕೋಡ್ ಬಂದದ್ದೂ ಅದೇ ವರ್ಷ. ಎಲ್ಲ ಪಠ್ಯವೂ ಯೂನಿಕೋಡೇ ಎಂದು ಪೈಥಾನ್ ಒಪ್ಪಿದ್ದು 2008ರ ಡಿಸೆಂಬರಿನಲ್ಲಿ, ಮೂರನೆಯ ಆವೃತ್ತಿಯೊಂದಿಗೆ. ಕನ್ನಡದಲ್ಲಿ ಪಾಠ ಹೇಳುವವನಿಗೆ ಆ ಬದಲಾವಣೆ ಎಷ್ಟು ದೊಡ್ಡದೆಂದು ನಮ್ಮ ಕೊಠಡಿಯ 27 ಮತ್ತು 9 ಹೇಳುತ್ತವೆ.

ಪ್ರತಿ ಕೂಟದ ನಂತರ ಅಂದು ಕಲಿತದ್ದನ್ನು ನನ್ನ ಬ್ಲಾಗಿನಲ್ಲಿ ಕನ್ನಡದಲ್ಲೇ ಬರೆಯುತ್ತಾ ಬಂದೆ. ಓದಿ ತಿದ್ದಿದವರ ಋಣ ದೊಡ್ಡದು. ವೇರಿಯಬಲ್ ಎಂದರೆ ಒಂದು ಡಬ್ಬಿ, ಅದರೊಳಗೆ ಬೆಲೆಯನ್ನು ಇಡುತ್ತೇವೆ ಎಂದು ಮೊದಲಿಗೆ ಬರೆದಿದ್ದೆ. ಬಾಗಲಕೋಟೆಯ ಓದುಗರೊಬ್ಬರು ಕೇಳಿದರು: ‘ಒಂದು ಪಟ್ಟಿಗೆ ಎರಡು ಹೆಸರು ಕೊಟ್ಟು, ಒಂದು ಹೆಸರಿನ ಮೂಲಕ ಹೊಸದೇನನ್ನೋ ಸೇರಿಸಿದರೆ ಇನ್ನೊಂದರಲ್ಲೂ ಅದು ಕಾಣುತ್ತದೆ. ಅವು ಎರಡು ಡಬ್ಬಿಗಳಾದರೆ, ಒಂದಕ್ಕೆ ಬೇಳೆ ಹಾಕಿದಾಗ ಇನ್ನೊಂದರಲ್ಲಿ ಬೇಳೆ ಹೇಗೆ ಬಂತು?’ ನನ್ನಲ್ಲಿ ಉತ್ತರವಿರಲಿಲ್ಲ, ಹೋಲಿಕೆಯೇ ತಪ್ಪಾಗಿತ್ತು. ಆ ರಾತ್ರಿ ನೀರು ಕುಡಿಯಲು ಅಡುಗೆಮನೆಗೆ ಹೋದಾಗ ಕಣ್ಣಿಗೆ ಬಿದ್ದದ್ದು ಅಜ್ಜಿಯ ಕಾಲದ ಕೊಡ. ಕಂಠದ ಮೇಲೆ ಅಜ್ಜಿಯ ಹೆಸರು ಕೆತ್ತಿದೆ. ಅದರ ಕೆಳಗೆ, ಮದುವೆಯಾಗಿ ಬಂದ ಮೇಲೆ ಕೆತ್ತಿಸಿದ ಅಮ್ಮನ ಹೆಸರು. ಹೆಸರು ಎರಡು, ಕೊಡ ಒಂದೇ; ಯಾರ ಹೆಸರು ಹೇಳಿ ನೀರು ತುಂಬಿದರೂ ತುಂಬುವುದು ಅದೇ ಕೊಡ. ಲೇಖನವನ್ನು ಪೂರ್ತಿಯಾಗಿ ತಿದ್ದಿ ಬರೆದೆ. ಅತಿ ಹೆಚ್ಚು ಜನ ನನಗೆ ನೆನಪಿಸುವ ಬರಹ ಅದು, ಅದರ ಅರ್ಧ ಶ್ರೇಯಸ್ಸು ಬಾಗಲಕೋಟೆಗೆ ಸೇರಬೇಕು.

2020ರ ಮಾರ್ಚಿನಲ್ಲಿ ಕೊಠಡಿಗೆ ಬೀಗ ಬಿತ್ತು. ಕೂಟ ಮೊಬೈಲಿಗೆ ಬಂತು. ಮನೆಯಲ್ಲಿ ಕಂಪ್ಯೂಟರ್ ಇದ್ದವರು ಕೆಲವರೇ. ಉಳಿದವರು ಕಾಗದದ ಮೇಲೆ ಪ್ರೋಗ್ರಾಂ ಬರೆದು ಫೋಟೊ ಕಳಿಸುತ್ತಿದ್ದರು, ಇದ್ದವರು ಅದನ್ನು ಬೆರಳಚ್ಚು ಮಾಡಿ ಓಡಿಸಿ ಉತ್ತರ ತಿಳಿಸುತ್ತಿದ್ದರು. ಸಾಲಿನ ಆರಂಭದಲ್ಲಿ ಎಷ್ಟು ಜಾಗ ಬಿಡಬೇಕೆಂಬುದು ಪೈಥಾನಿನಲ್ಲಿ ವ್ಯಾಕರಣವೇ ಆದ್ದರಿಂದ, ಗೆರೆ ಇರುವ ನೋಟುಪುಸ್ತಕವನ್ನು ಅಡ್ಡ ತಿರುಗಿಸಿ, ಗೆರೆಗಳನ್ನೇ ಅಳತೆ ಮಾಡಿಕೊಂಡು ಬರೆಯುವ ಉಪಾಯವನ್ನು ಯಾರೋ ಕಂಡುಹಿಡಿದರು.

2021ರ ಮೇ ತಿಂಗಳಲ್ಲಿ ನಾನು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದೆ. ಆ ತಿಂಗಳ ಕೂಟ ನಿಂತಿರುತ್ತದೆ ಎಂದುಕೊಂಡಿದ್ದೆ. ನಿಂತಿರಲಿಲ್ಲ. ಗದಗಿನ ಆ ಹುಡುಗಿ ಪಾಠ ನಡೆಸಿದ್ದಳು, ಟಿಪ್ಪಣಿಯನ್ನೂ ಬರೆದಿಟ್ಟಿದ್ದಳು. ಮನೆಗೆ ಬಂದ ಮೇಲೆ ಅದನ್ನು ಓದಿದೆ: ಅದರಲ್ಲಿ ನನ್ನ ಬರವಣಿಗೆಯ ನೆರಳೂ ಇರಲಿಲ್ಲ, ಎಲ್ಲ ಅವಳದೇ ಮಾತು, ಅವಳದೇ ಉದಾಹರಣೆ. ಆ ದಿನದ ಸಂತೋಷವನ್ನು ನಾನು ಯಾರಿಗೂ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ. ಅದೇ ತಿಂಗಳು ನನ್ನ ಮನೆಗೆ ಊಟ, ಔಷಧಿ ತಲುಪಿಸಿದವರ ಹೆಸರುಗಳು ನನಗೆ ಗೊತ್ತಿವೆ. ಬರೆಯಬೇಡಿ ಎಂದಿದ್ದೀರಿ, ಬರೆಯುವುದಿಲ್ಲ.

ಕುಂದಗೋಳ, ನವಲಗುಂದಗಳ ಕಡೆಯಿಂದ ಬರುವ ಹೆಣ್ಣುಮಕ್ಕಳಿಗೆ ಇನ್ನೊಂದು ಕೃತಜ್ಞತೆ. ಕತ್ತಲಾಗುವ ಮೊದಲು ಬಸ್ ಹಿಡಿಯಬೇಕು, ಸಂಜೆಯ ಕೂಟವನ್ನು ಬೆಳಿಗ್ಗೆಗೆ ಬದಲಿಸಿ ಎಂದು ನೇರವಾಗಿ ಕೇಳಿದವರು ನೀವು. ಅದು ನಮಗೆ ಮೊದಲೇ ಹೊಳೆಯಬೇಕಿತ್ತು. ಬದಲಿಸಿದ ಮೇಲೆ ಕೊಠಡಿಯಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳೇ. ಹತ್ತೂವರೆಗೆ ತಪ್ಪದೆ ಚಹಾ, ಮಿರ್ಚಿ ಕಳಿಸುವ ಎದುರಿನ ಅಂಗಡಿಯವರಿಗೆ, ಭಾನುವಾರಗಳನ್ನು ಬಿಟ್ಟುಕೊಟ್ಟ ನನ್ನ ಮನೆಯವರಿಗೆ, ಮೊದಲ ಸಲ ಮೈಕ್ ಹಿಡಿದು ಕೈ ನಡುಗಿದರೂ ಕೊನೆಯವರೆಗೆ ಮಾತನಾಡಿದ ಎಲ್ಲರಿಗೂ ನಮಸ್ಕಾರ.

76ನೆಯ ಕೂಟದ ಪಾಠವನ್ನು ಅಕ್ಷರ ಜೋಡಣೆಯ ಆ ಹಿರಿಯರೇ ನಡೆಸುತ್ತಾರೆ. ಮುದ್ರಣಾಲಯದ ಹಳೆಯ ಫಾಂಟುಗಳಲ್ಲಿರುವ ಕಡತಗಳನ್ನು ಯೂನಿಕೋಡಿಗೆ ತರುವ ಪ್ರೋಗ್ರಾಮನ್ನು ಅವರು ಎರಡು ವರ್ಷಗಳಿಂದ ಪೈಥಾನಿನಲ್ಲಿ ಬರೆಯುತ್ತಿದ್ದಾರೆ. ಆ ಫಾಂಟುಗಳಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ; ಯೂನಿಕೋಡಿನಲ್ಲಿ ರಕಾರ ಅಕ್ಷರಕ್ಕಿಂತ ಮೊದಲು ಬರಬೇಕು. ಆ ಅದಲುಬದಲು ಅವರನ್ನು ಬಹಳ ಕಾಡಿತ್ತು. ಪರೀಕ್ಷೆಗೆಂದು ಅವರು ಕೈಬರಹದಲ್ಲಿ ಬರೆದುಕೊಂಡ ಪದಗಳ ಪಟ್ಟಿಯನ್ನು ನಿನ್ನೆ ನನಗೆ ಕಳಿಸಿದರು. ಸೂರ್ಯ, ಕಾರ್ಯ, ವರ್ಷ, ಮಾರ್ಗ, ಕರ್ನಾಟಕ. ಪ್ರತಿಯೊಂದರ ಮುಂದೆಯೂ ಕೆಂಪು ಶಾಯಿಯಲ್ಲಿ ಸರಿ ಗುರುತು ಇತ್ತು.