ತಟ್ಟೆ ನೋಡುವ ಅಕ್ಕನಿಗೆ

ಪರೀಕ್ಷೆ ಮುಗಿದು ನಾಲ್ಕು ದಿನವಾಯಿತು. ಶಾಲೆಯ ಅಂಗಳದಲ್ಲಿ ಈಗ ಉದುರಿದ ಬೇವಿನ ಹೂ ಬಿಟ್ಟರೆ ಏನೂ ಇಲ್ಲ. ಸ್ಟಾಫ್ ರೂಮಿನ ಮೂಲೆಯಲ್ಲಿ ಥರ್ಮಾಕೋಲಿನ ಗೋಲಗುಮ್ಮಟ, ಎರಡು ಸೀಳಿದ ಪೈಪು, ಯಾರದೋ ಒಂದು ಕಾಲಿನ ಚಪ್ಪಲಿ ಬಿದ್ದಿವೆ. ಅವನ್ನು ನೋಡಿದಾಗಲೆಲ್ಲ ಒಂದು ಬಾಕಿ ನೆನಪಾಗುತ್ತದೆ. ಇವತ್ತು ಬರೆದು ಮುಗಿಸುತ್ತೇನೆ.

ಮೊದಲು ಎಲ್ಲರಿಗೂ ಒಟ್ಟಿಗೆ ಹೇಳಿಬಿಡುತ್ತೇನೆ, ಆಮೇಲೆ ಮರೆತೆ ಅನ್ನಬೇಡಿ. ಪ್ರವಾಸದ ಅನುಮತಿಗೆ ಓಡಾಡಿದ ಮುಖ್ಯಗುರುಗಳಿಗೆ, ಹುಡುಗಿಯರ ಜೊತೆ ಎರಡು ದಿನ ನಿದ್ದೆಗೆಟ್ಟ ಹಿಂದಿ ಮೇಡಂಗೆ, ಹುಡುಗರನ್ನು ಬರೀ ಸೀಟಿಯಿಂದಲೇ ಸಂಭಾಳಿಸಿದ ಪಿಟಿ ಸರ್‌ಗೆ, ನಾಲ್ಕು ಬಡ ಮಕ್ಕಳ ಪ್ರವಾಸದ ಹಣ ಕಟ್ಟಿ ಹೆಸರು ಹೇಳಬೇಡಿ ಎಂದವರಿಗೆ, ಬಸ್ಸಿನ ಡ್ರೈವರ್ ಅಣ್ಣನಿಗೆ, ಪ್ರತಿಭಾ ಕಾರಂಜಿಯಲ್ಲಿ ನಾವು ಸೋತರೂ ಬಸ್ ಸ್ಟ್ಯಾಂಡಿನಲ್ಲಿ ಮಿರ್ಚಿ ಕೊಡಿಸಿದ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೆ, ನಮ್ಮನ್ನು ನಂಬಿ ಮಕ್ಕಳನ್ನು ಕಳಿಸಿದ ಎಲ್ಲ ತಂದೆತಾಯಂದಿರಿಗೆ ನಮಸ್ಕಾರ.

ವಿಜಯಪುರದಲ್ಲಿ ಮಕ್ಕಳ ಜೊತೆ ಕಳೆದ ಎರಡು ಶನಿವಾರಗಳ ಬಗ್ಗೆಯೂ ಒಂದು ಮಾತು. ನಮ್ಮೂರಿನಿಂದ ಗುಮ್ಮಟ ಕಾಣುತ್ತದೆ ಅಂತ ಹುಡುಗರು ಜಂಬ ಕೊಚ್ಚುತ್ತಾರೆ, ಆದರೆ ಒಳಗೆ ಹೋದವರು ಅರ್ಧದಷ್ಟೂ ಇರಲಿಲ್ಲ. ಮೇಲಿನ ಗ್ಯಾಲರಿಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯವರಿಗೆ ಕಿವಿಯಲ್ಲಿ ಹೇಳಿದಂತೆ ಕೇಳುತ್ತದೆ. ಅದನ್ನು ಪರೀಕ್ಷೆ ಮಾಡಲು ಒಬ್ಬ ಹುಡುಗ ಗಣಿತ ಸರ್‌ಗೆ ಇಟ್ಟಿರುವ ಅಡ್ಡಹೆಸರನ್ನು ಹೇಳಿದ. ಎದುರು ಬದಿಯಲ್ಲಿ ಕಿವಿ ಕೊಟ್ಟು ನಿಂತಿದ್ದವರು ಗಣಿತ ಸರ್! 1656ರಲ್ಲಿ ಮುಗಿದ ಕಟ್ಟಡ ಇನ್ನೂ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ನೋಡಿ. ಸರ್ ನಕ್ಕರು, ಅದಕ್ಕೆ ಅವರಿಗೂ ಥ್ಯಾಂಕ್ಸ್.

ಇನ್ನೊಂದು ಶನಿವಾರ ನೀರಿನ ದಾರಿ ಹುಡುಕಿ ಹೊರಟೆವು. ತಾಜ್ ಬಾವಡಿ ಅನ್ನುವ ಹಳೆಯ ಬಾವಿ ನೋಡಿದೆವು, ಬೇಗಂ ತಲಾಬ್ ಅನ್ನುವ ಕೆರೆ ನೋಡಿದೆವು. ತೊರವಿ ಕಡೆಯಿಂದ ನೆಲದೊಳಗಿನ ಸುರಂಗದಲ್ಲಿ ನೀರು ಊರಿಗೆ ಬರುತ್ತಿತ್ತು ಅಂದಾಗ ಮಕ್ಕಳು ನಂಬಲಿಲ್ಲ. ದಾರಿಯಲ್ಲಿ ಅಲ್ಲಲ್ಲಿ ನಿಂತಿರುವ ಚೌಕದ ಗೋಪುರಗಳಿಗೆ ಇಲ್ಲಿನವರು ಗಂಜ್ ಅನ್ನುತ್ತಾರೆ. ಕೊಳವೆಯಲ್ಲಿ ಬಂದ ನೀರು ಅದರೊಳಗೆ ಮೇಲೇರಿ, ಒತ್ತಡ ಕಳೆದುಕೊಂಡು ಮುಂದೆ ಹೋಗಬೇಕು. ಇಲ್ಲದಿದ್ದರೆ ಮಣ್ಣಿನ ಕೊಳವೆ ಒಡೆಯುತ್ತದೆ. ನಾನೇ ಎಷ್ಟೋ ವರ್ಷ ಅವುಗಳ ಪಕ್ಕದಲ್ಲೇ ಬೈಕಿನಲ್ಲಿ ಹೋಗಿದ್ದೇನೆ. ಯಾವುದೋ ಕಾವಲು ಗೋಪುರ ಅಂದುಕೊಂಡಿದ್ದೆ. ಸಮಾಜ ವಿಜ್ಞಾನದ ಮಾಸ್ತರ ನಾನು, ಮತ್ತೆ!

ಈಗ ಡಿಸೆಂಬರಿನ ಪ್ರವಾಸ.

ಎರಡು ದಿನ, 48 ಮಕ್ಕಳು. ಆಲಮಟ್ಟಿ, ಕೂಡಲಸಂಗಮ, ಐಹೊಳೆ, ರಾತ್ರಿ ಬಾದಾಮಿಯಲ್ಲಿ ವಸ್ತಿ, ಮರುದಿನ ಪಟ್ಟದಕಲ್ಲು. ಹುಡುಗಿಯರು ಜಾಸ್ತಿ ಇದ್ದರು, ಮೇಡಂ ಒಬ್ಬರೇ. ಅದಕ್ಕೆ ನಮ್ಮ ಬಿಸಿಯೂಟದ ಅಕ್ಕನನ್ನು ಬನ್ನಿ ಅಂದೆವು. ಹೆಸರು ಬರೆಯುವುದಿಲ್ಲ. "ಹೆಸರ ಹಾಕಿದ್ರ ನಾಳೆಯಿಂದ ಸಾರಿಗೆ ಉಪ್ಪ ಹಾಕೂದಿಲ್ಲ" ಎಂದು ಹೆದರಿಸಿದ್ದಾರೆ. ಎರಡು ಚೀಲ ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿಕೊಂಡು, ಬೆಳಗಿನ ಐದಕ್ಕೆ ನಮ್ಮೆಲ್ಲರಿಗಿಂತ ಮೊದಲು ಬಂದು ಶಾಲೆಯ ಗೇಟಿನಲ್ಲಿ ಕೂತಿದ್ದರು.

ಆಲಮಟ್ಟಿಯಲ್ಲಿ ಮಕ್ಕಳು ಅಣೆಕಟ್ಟಿನ 26 ಗೇಟು ಎಣಿಸಿದರು. ಒಂದೂ ತೆರೆದಿರಲಿಲ್ಲ, ಹಾಗಾಗಿ ಸ್ವಲ್ಪ ಬೇಜಾರಾದರು. ಅಕ್ಕ ಗೇಟಿನ ಕಡೆ ನೋಡಲೇ ಇಲ್ಲ. ಹಿನ್ನೀರಿನ ಕಡೆ ಮುಖ ಮಾಡಿ ನಿಂತಿದ್ದರು. "ನಮ್ಮ ತವರಮನಿ ಅಲ್ಲೇ ಎಲ್ಲೋ ಐತಿ" ಅಂದರು. ಮುಳುಗಡೆಯ ಊರಿನವರು ಅಂತ ನನಗೆ ಗೊತ್ತೇ ಇರಲಿಲ್ಲ. ಒಬ್ಬ ಹುಡುಗಿ ಕೇಳಿದಳು, "ಅಕ್ಕಾ, ನಿಮಗ ಈಜಾಕ ಬರ್ತೈತಿ?" "ಬಾವ್ಯಾಗ ಕಲ್ತಿದ್ದೆ. ಆ ಬಾವಿನೂ ಅಲ್ಲೇ ಐತಿ." ನಾನು ಅಣೆಕಟ್ಟಿನ ಬಗ್ಗೆ ಹತ್ತು ನಿಮಿಷ ಮಾತಾಡಬೇಕು ಅಂತ ಚೀಟಿ ಬರೆದುಕೊಂಡು ಹೋಗಿದ್ದೆ. ಅದನ್ನು ಜೇಬಿನಿಂದ ತೆಗೆಯಲಿಲ್ಲ.

ಕೂಡಲಸಂಗಮದಲ್ಲಿ ಊಟ ಆಯಿತು. ಬಸ್ ಹತ್ತುವಾಗ ಅಕ್ಕ ನನ್ನ ಹತ್ತಿರ ಬಂದು, "ಸರ್, ಆ ಹುಡುಗಿ ರೊಟ್ಟಿ ಮುರದಿಲ್ರಿ" ಅಂದರು. ನಾನು ಆಗ ತಲೆ ಎಣಿಸುತ್ತಿದ್ದೆ. "ಬಸ್ಸಿನಲ್ಲಿ ಹೊಟ್ಟೆ ತೊಳಸಿರಬೇಕು ಬಿಡಿ" ಅಂದೆ. 48 ಇದ್ದವು. ಸೀಟಿ ಊದಿಸಿದೆ.

ಐಹೊಳೆಯಲ್ಲಿ ಅದೇ ಹುಡುಗಿ ಮೇಗುತಿ ಗುಡ್ಡದ ಬುಡದಲ್ಲಿ ನಿಂತು, "ಸರ್, ನಾ ಇಲ್ಲೇ ಕೂಡ್ತೀನ್ರಿ" ಅಂದಳು. ನಾನು ಏನೆಂದೆ ಗೊತ್ತಾ? "ಇಷ್ಟು ದೂರ ಬಂದು ರವಿಕೀರ್ತಿಯ ಶಾಸನ ನೋಡದೆ ಹೋಗ್ತೀಯಾ? ಬಾ ಬಾ, ನಾಲ್ಕು ಮೆಟ್ಟಿಲು." ನಾಲ್ಕಲ್ಲ, ಎಷ್ಟೋ ಮೆಟ್ಟಿಲು. ಅವಳು ಹತ್ತಿದಳು. 634ರ ಶಾಸನ, ಪುಲಕೇಶಿ ಹರ್ಷನನ್ನು ಗೆದ್ದದ್ದು ಅದರಲ್ಲಿದೆ ಅಂತ ನಾನು ಉತ್ಸಾಹದಿಂದ ಹೇಳುತ್ತಲೇ ಇದ್ದೆ. ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ನೋಡಿದೆ. ನೋಡಿಯೂ ಮಾತು ನಿಲ್ಲಿಸಲಿಲ್ಲ.

ಆ ರಾತ್ರಿ ಏನಾಯಿತು ಅನ್ನೋದು ನಿಮಗೆಲ್ಲ ಗೊತ್ತು. ಅವಳ ಮನೆಯವರೂ ಇದನ್ನು ಓದುತ್ತಾರೆ, ಹಾಗಾಗಿ ಮತ್ತೆ ಬರೆಯುವುದಿಲ್ಲ.

ಆದರೆ ಅಕ್ಕ ಏನು ಮಾಡಿದರು ಅನ್ನೋದು ನನಗೊಬ್ಬನಿಗೇ ಗೊತ್ತು. ಹುಡುಗಿಯನ್ನು ಎತ್ತಿ ಗಾಡಿಯಲ್ಲಿ ಕೂರಿಸುವಾಗ ತಮ್ಮ ಸೆರಗನ್ನೇ ಅವಳ ಬಾಯಿಗೆ ಹಿಡಿದರು. ಆಸ್ಪತ್ರೆಯಲ್ಲಿ ವಯಸ್ಸು, ತೂಕ, ಬೆಳಿಗ್ಗೆಯಿಂದ ಏನು ತಿಂದಿದ್ದಾಳೆ ಅಂತ ಕೇಳಿದರು. ನನಗೆ ವಯಸ್ಸು ಮಾತ್ರ ಗೊತ್ತಿತ್ತು, ಅದೂ ಹಾಜರಿ ಪುಸ್ತಕದಿಂದ. ಉಳಿದದ್ದನ್ನೆಲ್ಲ ಅಕ್ಕ ಹೇಳಿದರು. ಮುಂಜಾನೆ ಅರ್ಧ ಬಾಳೆಹಣ್ಣು, ಮಧ್ಯಾಹ್ನ ಒಂದು ಚಮಚ ಮೊಸರು, ಸಂಜೆ ಚಹಾ ಕುಡಿದು ಕಕ್ಕಿದ್ದು, ಹೋದ ವಾರವೂ ಎರಡು ದಿನ ಅನ್ನ ಉಳಿಸಿದ್ದು. ಡಾಕ್ಟರು ಅವರನ್ನು ತಾಯಿ ಅಂದುಕೊಂಡರು. ಅಕ್ಕ ಅಲ್ಲ ಅನ್ನಲಿಲ್ಲ.

ಅವಳ ಮನೆಗೆ ಫೋನ್ ಮಾಡಬೇಕಿತ್ತು. ಮೂರು ಸಲ ನಂಬರ್ ಒತ್ತಿ ಮೂರು ಸಲ ಕಟ್ ಮಾಡಿದೆ. ಅಕ್ಕ ನನ್ನ ಕೈಯಿಂದ ಫೋನ್ ತೆಗೆದುಕೊಂಡರು. "ತಂಗೀ, ನಾ ಅದೀನಿ. ಹುಡುಗಿ ನನ್ನ ಮಗ್ಗಲದಾಗ ಮಲಗ್ಯಾಳ. ಸಲೈನ್ ಹಚ್ಯಾರ. ರಾತ್ರ್ಯಾಗ ಗಾಡಿ ಮಾಡ್ಕೊಂಡ ಓಡಿ ಬರಬ್ಯಾಡ್ರಿ, ಮುಂಜಾನೆ ಮೊದಲ್ನೇ ಬಸ್ಸಿಗೆ ಬರ್ರಿ." ಅಷ್ಟೇ. ಒಂದು ಸುಳ್ಳಿಲ್ಲ, ಒಂದು ಮಾತು ಜಾಸ್ತಿ ಇಲ್ಲ. ನಾನಾಗಿದ್ದರೆ ಮೊದಲು "ಗಾಬರಿಯಾಗಬೇಡಿ" ಅನ್ನುತ್ತಿದ್ದೆ. ಅದನ್ನು ಕೇಳಿದ ಯಾವ ತಾಯಿ ಗಾಬರಿಯಾಗದೆ ಇರುತ್ತಾಳೆ?

ಮೂರು ಗಂಟೆ ಇರಬಹುದು. ಜ್ವರ ಇಳಿಯುತ್ತಿರಲಿಲ್ಲ. ನಾನು ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತೆ. ಹೇಳಿಕೊಳ್ಳಲು ಈಗ ನಾಚಿಕೆ ಇಲ್ಲ. ಪ್ರವಾಸ ಬೇಕೇ ಬೇಕು ಅಂತ ಸಭೆಯಲ್ಲಿ ಹಟ ಹಿಡಿದವನು ನಾನು. ಅರ್ಜಿಗೆ ಸಹಿ ನನ್ನದು. ಗುಡ್ಡ ಹತ್ತಿಸಿದವನೂ ನಾನೇ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೊದಲ ಸಲ, ನಾಳೆ ಶಾಲೆಯ ಬಾಗಿಲು ಯಾವ ಮುಖ ಇಟ್ಟುಕೊಂಡು ತೆಗೆಯಲಿ ಅನ್ನಿಸಿತು. ಅಕ್ಕ ಹೊರಗೆ ಬಂದರು. ಪಕ್ಕದಲ್ಲಿ ಕೂರಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. "ಸರ್, ಹುಡುಗಿ ಎಚ್ಚರಾಗಿ ನಿಮ್ಮ ಮಾರಿ ನೋಡಿದ್ರ ಏನ್ ತಿಳ್ಕೋತಾಳ? ತೊಳಕೊಂಡ ಬರ್ರಿ" ಅಂದು ಒಳಗೆ ಹೋದರು. ತೊಳೆದುಕೊಂಡು ಹೋದೆ. ಅವಳ ಕಾಲು ತೊಡೆಯ ಮೇಲೆ ಇಟ್ಟುಕೊಂಡು ಅಂಗಾಲು ತಿಕ್ಕುತ್ತಿದ್ದರು. ಬೆಳಗಾಗುವ ತನಕ ತಿಕ್ಕಿದರು. ನಸುಕಿನಲ್ಲಿ ಹುಡುಗಿ ಕಣ್ಣು ಬಿಟ್ಟು ಮೊದಲು ಕೇಳಿದ್ದು, "ಅಕ್ಕಾ, ರೊಟ್ಟಿ ಉಳದಾವ?"

ಆಗ ಮಾತ್ರ ಅಕ್ಕ ಕಣ್ಣು ಒರೆಸಿಕೊಂಡರು.

ಉಳಿದದ್ದು ಬೇಗ ಹೇಳುತ್ತೇನೆ. ಅಪ್ಪ ಅವ್ವ ಬಂದರು, ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಹುಡುಗಿ ಹದಿನೈದು ದಿನ ಬಿಟ್ಟು ಶಾಲೆಗೆ ಬಂದಳು. ಫೆಬ್ರುವರಿ 28ರ ವಿಜ್ಞಾನ ದಿನಕ್ಕೆ ಗಂಜ್‌ನ ಮಾದರಿ ಮಾಡಿದ ಗುಂಪಿನಲ್ಲಿ ವಿವರಣೆ ಕೊಟ್ಟವಳು ಅವಳೇ. ಗಂಜ್ ಇಲ್ಲದ ಪೈಪು ಹೇಗೆ ಸೀಳುತ್ತದೆ ಅಂತ ತೋರಿಸಲು ಹೋಗಿ ಅತಿಥಿಗಳ ಬೂಟು ತೋಯಿಸಿದಳು. ಆಮೇಲೆ ಗಂಜ್ ಇದ್ದ ಪೈಪೂ ಸೀಳಿತು. ಬಹುಮಾನ ಬರಲಿಲ್ಲ. ಆ ಎರಡು ಪೈಪುಗಳೇ ಈಗ ಮೂಲೆಯಲ್ಲಿರುವುದು. ಅವಳನ್ನು ಕೇಳಿಯೇ ಇದನ್ನೆಲ್ಲ ಬರೆದಿದ್ದೇನೆ. "ಬೂಟಿಂದೂ ಬರೀರಿ ಸರ್" ಅಂದಳು.

ಈಗ ನಾನೂ ಮಧ್ಯಾಹ್ನ ಅಡುಗೆಮನೆಯ ಕಟ್ಟೆಯ ಮೇಲೆ ಕೂರುತ್ತೇನೆ. ಯಾರ ತಟ್ಟೆಯಲ್ಲಿ ಅನ್ನ ಉಳಿಯಿತು, ಯಾರು ಎರಡನೇ ಸಲ ಬರಲಿಲ್ಲ ಅಂತ ಅಕ್ಕ ಸಣ್ಣ ದನಿಯಲ್ಲಿ ಹೇಳುತ್ತಾ ಹೋಗುತ್ತಾರೆ. ಕೆಲವೊಮ್ಮೆ ಅದು ಜ್ವರ, ಕೆಲವೊಮ್ಮೆ ಮನೆಯಲ್ಲಿ ಜಗಳ. ಒಮ್ಮೆ ಸುಮ್ನೆ ಬದನೆಕಾಯಿ.

ಅಕ್ಕ ಬಾದಾಮಿ ನೋಡಲಿಲ್ಲ. ಪ್ರತಿ ವರ್ಷ ಬನಶಂಕರಿ ಜಾತ್ರೆಗೆ ಹೋಗುತ್ತಾರೆ, ಅಲ್ಲಿಂದ ನಾಲ್ಕೈದು ಕಿಲೋಮೀಟರ್ ದೂರದ ಗುಹೆ ಒಮ್ಮೆಯೂ ನೋಡಿಲ್ಲ. ಈ ಸಲ ಊರೊಳಗೇ ಇದ್ದು ನೋಡಲಿಲ್ಲ. ಮಕ್ಕಳು ಮೊಬೈಲಿನಲ್ಲಿ ಮೊದಲನೇ ಗುಹೆಯ ನಟರಾಜನನ್ನು ತೋರಿಸಿದರು. ಹದಿನೆಂಟು ಕೈಯ ನಟರಾಜ. ಅಕ್ಕ ಫೋಟೋ ದೊಡ್ಡದು ಮಾಡಿಸಿ, ಕೈಗಳನ್ನು ಒಂದೊಂದಾಗಿ ಎಣಿಸಿ ಹೇಳಿದರು: "ಇಷ್ಟ ಕೈ ಇದ್ರ ನಂದೂ ಅಡಗಿ ಲಗೂನ ಮುಗೀತಿತ್ತು."

ರಜೆಯಲ್ಲಿ ನಾನು, ನನ್ನ ಹೆಂಡತಿ, ಆ ಹುಡುಗಿ, ಅವಳ ಅವ್ವ ಸೇರಿ ಅಕ್ಕನನ್ನು ಬಾದಾಮಿಗೆ ಕರೆದುಕೊಂಡು ಹೋಗುವುದು ಅಂತ ಆಗಿದೆ. ಟಿಕೆಟ್ ನಂದು. ಮೇಗುತಿ ಈ ಸಲ ಇಲ್ಲ. ಅಕ್ಕ ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ.

"ಬುತ್ತಿ ನಾನ ಕಟ್ತೀನಿ."