ಗುಲಾಬಿಯ ಚಾಟ್ನಿಗೆ ಊರಿನ ಪಂಚಾಂಗ ಬೇಕು

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಈಚೆಗೆ ಬಂದ ಕೈತೋಟದ ಲೇಖನವು, ಗುಲಾಬಿ ಗಿಡಗಳನ್ನು ಫೆಬ್ರವರಿ ಕೊನೆಗೆ, ಚಳಿ ಕಳೆದ ಮೇಲೆ, ಗಿಡ್ಡಗೆ ಕತ್ತರಿಸಿ, ಅಂದರೆ ನಮ್ಮ ಕಡೆಯ ಮಾತಿನಲ್ಲಿ ಚಾಟ್ನಿ ಮಾಡಿ, ದಿನವಿಡೀ ಬಿಸಿಲು ಬೀಳುವ ಕಡೆ ಇಡಬೇಕೆಂದು ತಿಳಿಸಿದೆ. ವಿಜಯಪುರದಲ್ಲಿ ಹೀಗೆ ಮಾಡಿದವರು ಯುಗಾದಿ ಕಳೆಯುವಷ್ಟರಲ್ಲಿ ಒಣಗಿದ ಕಡ್ಡಿಗಳನ್ನು ಎಣಿಸಬೇಕಾಗುತ್ತದೆ. ನಾನು ಎಣಿಸಿದ್ದೇನೆ. ನಿವೃತ್ತಳಾದ ಮೊದಲ ವರ್ಷ ಮೊಬೈಲಿನಲ್ಲಿ ಇಂಥದೇ ಸಲಹೆಯನ್ನು ನೋಡಿ, ಮಾಳಿಗೆಯ ಮೇಲಿನ 11 ಕುಂಡಗಳ ಗಿಡಗಳನ್ನು ಫೆಬ್ರವರಿಯಲ್ಲಿ ಕತ್ತರಿಸಿದೆ. ಮೇ ತಿಂಗಳಿಗೆ ಉಳಿದವು ಎರಡೇ, ಅವೂ ಜವಾರಿ ಗುಲಾಬಿಗಳು. ನೀರು ಹಾಕುವುದರಲ್ಲಿ ನಾನು ಸೋಮಾರಿಯಾಗಿರಬೇಕೆಂದು ಮನೆಯವರು ತೀರ್ಮಾನಿಸಿದರು.

ಆ ಸಲಹೆ ಸುಳ್ಳಲ್ಲ, ಬೇರೆ ನಾಡಿನದು. ಹಿಮ ಬೀಳುವ ದೇಶಗಳಲ್ಲಿ ಗುಲಾಬಿ ಚಳಿಗಾಲವಿಡೀ ಎಲೆ ಉದುರಿಸಿ ಮಲಗಿರುತ್ತದೆ. ಅಲ್ಲಿ ಮೊದಲೇ ಕತ್ತರಿಸಿದರೆ ಹೊಸ ಚಿಗುರು ಹಿಮಕ್ಕೆ ಸಿಕ್ಕಿ ಸಾಯುತ್ತದೆಯಾದ್ದರಿಂದ ಚಳಿ ಮುಗಿಯುವುದನ್ನು ಕಾಯುತ್ತಾರೆ. ನಮ್ಮಲ್ಲಿ ಗಿಡವನ್ನು ಮಲಗಿಸುವುದು ಚಳಿಯಲ್ಲ, ಬಿಸಿಲು. ಫೆಬ್ರವರಿಯಲ್ಲಿ ಎಲೆಯ ಮರೆಯನ್ನೆಲ್ಲ ಕತ್ತರಿಸಿ ಹಾಕಿದ ಗಿಡ ಎಳೆ ಚಿಗುರು ಹೊತ್ತುಕೊಂಡು ಏಪ್ರಿಲಿನ 40 ಡಿಗ್ರಿಯ ಉರಿಗೆ ಎದುರಾಗುತ್ತದೆ. ಬಯಲಾದ ಕಾಂಡದ ತೊಗಟೆಯೇ ಸುಡುತ್ತದೆ.

ಈ ವಿಷಯದಲ್ಲಿ ನನಗೆ ದಾರಿ ತೋರಿಸಿದವರು ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರು. ಅವರು ಬಳ್ಳಿಗೆ ಏಪ್ರಿಲಿನಲ್ಲಿ ಕಡ್ಡಿಗಾಗಿ ಒಂದು ಚಾಟ್ನಿ, ಅಕ್ಟೋಬರಿನಲ್ಲಿ ಹಣ್ಣಿಗಾಗಿ ಇನ್ನೊಂದು ಚಾಟ್ನಿ ಮಾಡುತ್ತಾರೆ. ಗುಲಾಬಿಗೆ ಈ ಎರಡನೆಯ ಚಾಟ್ನಿಯ ಕಾಲವೇ ಸರಿ. ದಸರೆ ಮುಗಿದು ಮಳೆ ಹಿಂದೆಗೆದ ಮೇಲೆ, ಸೀಗೆ ಹುಣ್ಣಿಮೆಯ ಆಸುಪಾಸಿನಲ್ಲಿ ಕತ್ತರಿಸಿದರೆ 45–50 ದಿನಗಳಿಗೆ ಮೊದಲ ಹೂ ಬರುತ್ತದೆ. ಅವನ್ನು ಕೊಯ್ದ ಮೇಲೆ ಎರಡನೆಯ ಸುತ್ತಿನ ಹೂ ಸಂಕ್ರಾಂತಿಗೆ, ಅಂದರೆ ಸಿದ್ಧೇಶ್ವರ ಜಾತ್ರೆಯ ಹೊತ್ತಿಗೆ ಅರಳುತ್ತದೆ. ಹೊರಮುಖವಾದ ಕಣ್ಣಿನ (ಚಿಗುರೊಡೆಯುವ ಮೊಗ್ಗಿನ) ಮೇಲೆ ಅರ್ಧ ಸೆಂಟಿಮೀಟರು ಬಿಟ್ಟು ಓರೆಯಾಗಿ ಕತ್ತರಿಸಿ, ಗಾಯಕ್ಕೆ ಕಾಪರ್ ಆಕ್ಸಿಕ್ಲೋರೈಡ್ ಎಂಬ ಶಿಲೀಂಧ್ರನಾಶಕವನ್ನು ನೀರಿನಲ್ಲಿ ಕಲಸಿ ಬಳಿಯಬೇಕು; ಇಲ್ಲವಾದರೆ ತುದಿಯಿಂದ ಕೆಳಗೆ ಕಪ್ಪಾಗುತ್ತ ಇಳಿಯುವ ಒಣಗು ರೋಗ ಹಿಡಿಯುತ್ತದೆ. ಬೇಸಿಗೆಯಲ್ಲಿ ಬಾಡಿದ ಹೂವನ್ನಷ್ಟೇ ತೆಗೆಯಬೇಕು, ಎಲೆಗಳನ್ನು ಮುಟ್ಟಬಾರದು.

ಕಾಲಕ್ಕಿಂತ ದೊಡ್ಡ ತೊಡಕು ಮಣ್ಣು ಮತ್ತು ನೀರಿನದು. ಗುಲಾಬಿಗೆ ತುಸು ಹುಳಿ ಗುಣದ, ಅಂದರೆ ಪಿಎಚ್ 6ರಿಂದ 7ರೊಳಗಿನ ಮಣ್ಣು ಒಗ್ಗುತ್ತದೆ. ನಮ್ಮ ಎರೆಮಣ್ಣಿನ ಪಿಎಚ್ ಸಾಮಾನ್ಯವಾಗಿ 8ನ್ನು ಮುಟ್ಟುತ್ತದೆ, ದಾಟುವುದೂ ಉಂಟು; ಅಂದರೆ ಅದು ಕ್ಷಾರದ ಮಣ್ಣು. ಮೇಲಾಗಿ ಅದು ಕುಂಡದಲ್ಲಿ ನೀರು ಕುಡಿದು ಉಬ್ಬಿ, ಒಣಗಿದಾಗ ಬಿರಿದು, ಬೇರಿಗೆ ಗಾಳಿಯಾಡಲು ಬಿಡುವುದಿಲ್ಲ. ಇದರ ಮೇಲೆ ಬೋರಿನ ಗಡಸು ನೀರನ್ನು ಹಾಕುತ್ತ ಹೋದರೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ, ಹೊಸ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ. ನಮ್ಮ ಓಣಿಯಲ್ಲಿ ಅನೇಕರು ಇದನ್ನು ಗೊಬ್ಬರದ ಕೊರತೆಯೆಂದು ತಿಳಿದು ಯೂರಿಯಾ ಸುರಿದು ಗಿಡವನ್ನು ಮುಗಿಸಿದ್ದಾರೆ. ಕೊರತೆ ಇರುವುದು ಕಬ್ಬಿಣದ್ದು. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಕ್ಷಾರದಿಂದಾಗಿ ಬೇರಿಗೆ ಎಟಕುವುದಿಲ್ಲ. ಅಂಗಡಿಯಲ್ಲಿ ಕೇಳುವಾಗ ಇ.ಡಿ.ಡಿ.ಎಚ್.ಎ. ರೂಪದ ಕಬ್ಬಿಣವನ್ನೇ ಕೇಳಿ ಪಡೆಯಬೇಕು, ಏಕೆಂದರೆ ಅಗ್ಗಕ್ಕೆ ಸಿಗುವ ಇ.ಡಿ.ಟಿ.ಎ. ರೂಪದ್ದು ಇಂಥ ಮಣ್ಣಿನಲ್ಲಿ ನಿಲ್ಲುವುದಿಲ್ಲ. ನಾನು ಕುಂಡಕ್ಕೆ ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಮರಳು ಮತ್ತು ಒಂದು ಹಿಡಿ ಬೇವಿನ ಹಿಂಡಿಯನ್ನು ಬೆರೆಸುತ್ತೇನೆ. ನಳದ ನೀರು ಬಂದ ದಿನ ಗುಲಾಬಿಗೆಂದೇ ಒಂದು ಬ್ಯಾರಲ್ ತುಂಬಿಟ್ಟುಕೊಂಡು, ತಿಂಗಳಿಗೊಮ್ಮೆ ಆ ನೀರನ್ನು ಕುಂಡದ ತಳದಿಂದ ಹರಿದುಹೋಗುವಷ್ಟು ಹಾಕಿ ಉಪ್ಪನ್ನು ತೊಳೆಯುತ್ತೇನೆ.

ಇದಿಷ್ಟನ್ನು ಮಾಡಿದರೂ ಸಾಯುವ ಗಿಡಗಳ ಗುಟ್ಟು ಬೇರುಸಸಿಯಲ್ಲಿ, ಅಂದರೆ ಕಸಿ ಕಟ್ಟಲು ಬೇರು ಕೊಡುವ ಕೆಳಗಿನ ಗಿಡದಲ್ಲಿ ಇದೆ. ದಕ್ಷಿಣದ ನರ್ಸರಿಗಳಿಂದ ಬರುವ ಕಣ್ಣುಕಸಿ ಗುಲಾಬಿಗಳನ್ನು ಬಹುಪಾಲು ರೋಸಾ ಮಲ್ಟಿಫ್ಲೋರಾ ಬೇರುಸಸಿಯ ಮೇಲೆ ಕಟ್ಟಿರುತ್ತಾರೆ. ಅಲ್ಲಿಯ ಕೆಂಪು ಮಣ್ಣಿಗೆ ಅದು ಒಳ್ಳೆಯದೇ, ಆದರೆ ಕ್ಷಾರವನ್ನು ತಾಳುವ ಶಕ್ತಿ ಅದಕ್ಕೆ ಕಡಿಮೆ. ಉತ್ತರ ಭಾರತದಲ್ಲಿ ಬಳಕೆಯಲ್ಲಿರುವ ರೋಸಾ ಇಂಡಿಕಾ ಬೇರುಸಸಿ ಇಂಥ ಮಣ್ಣನ್ನು ತಾಳಿಕೊಳ್ಳುತ್ತದೆ. ಉಪ್ಪು ನೀರು ಮತ್ತು ಬರಕ್ಕೆ ಅಂಜಿ ದ್ರಾಕ್ಷಿ ಬೆಳೆಗಾರರು ಡಾಗ್‌ರಿಡ್ಜ್ ಬೇರುಸಸಿಯ ಮೇಲೆಯೇ ಕಸಿ ಕಟ್ಟುತ್ತಿರುವಾಗ, ಗುಲಾಬಿ ಕೊಳ್ಳುವ ನಾವು ಹೂವಿನ ಬಣ್ಣವನ್ನು ಬಿಟ್ಟು ಬೇರೇನನ್ನೂ ಕೇಳುವುದಿಲ್ಲ. ಒಂದು ಅಂಗಡಿಯಲ್ಲಿ ನಾನು ಬೇರುಸಸಿ ಯಾವುದೆಂದು ಕೇಳಿದಾಗ, ‘ಅಕ್ಕಾರ, ಅದು ಬೆಂಗಳೂರಿಂದು’ ಎಂಬ ಉತ್ತರ ಬಂದಿತು.

ಕುಂಡದ ಮಾತನ್ನು ಚುಟುಕಾಗಿ ಹೇಳುತ್ತೇನೆ. ಕಪ್ಪು ಪ್ಲಾಸ್ಟಿಕ್ ಚೀಲ ಕಾದರೆ ಬೇರು ಬೇಯುತ್ತದೆ. 12–14 ಇಂಚಿನ ಮಣ್ಣಿನ ಕುಂಡವನ್ನು ಇಟ್ಟಿಗೆಯ ಮೇಲೆ ಎತ್ತರಿಸಿಟ್ಟು, ಮೇಲ್ಮಣ್ಣಿಗೆ ಶೇಂಗಾ ಹೊಟ್ಟು ಹೊದಿಸಿ, ಮಾರ್ಚಿನಿಂದ ಮೃಗಶಿರಾ ಮಳೆಯವರೆಗೆ 50 ಪ್ರತಿಶತದ ಹಸಿರು ನೆರಳು ಪರದೆಯನ್ನು ಕಟ್ಟಬೇಕು. ‘ದಿನವಿಡೀ ಬಿಸಿಲು’ ಎಂಬ ಮಾತು ನವೆಂಬರಿನಿಂದ ಫೆಬ್ರವರಿಯವರೆಗೆ ಮಾತ್ರ ನಮಗೆ ಸಲ್ಲುತ್ತದೆ. ಬೇಸಿಗೆಯಲ್ಲಿ ಹನ್ನೊಂದು ಗಂಟೆಯವರೆಗಿನ ಎಳೆಬಿಸಿಲೇ ಸಾಕು. ಒಣ ಸೆಕೆಗೆ ಎಲೆಯ ಕೆಳಗೆ ಕೆಂಪು ನುಸಿ ಬಲೆ ಕಟ್ಟುವುದರಿಂದ ಬೆಳಗಿನ ಹೊತ್ತು ಎಲೆಯ ತಳಕ್ಕೆ ನೀರು ಚಿಮ್ಮಿಸುವುದು ಲೇಸು.

ಇದೇ ಮಾತನ್ನು ಬೆಳಗಾವಿಯ ಟಿಳಕವಾಡಿಯಲ್ಲಿರುವ ನನ್ನ ತಂಗಿಗೆ ಹೇಳಿದರೆ ಆಕೆಯ ಗಿಡಗಳು ಕೆಡುತ್ತವೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆಯಾದರೆ ಬೆಳಗಾವಿ ನಗರದಲ್ಲಿ ಅದರ ಇಮ್ಮಡಿಯಾಗುತ್ತದೆ, ಅದೂ ಹೆಚ್ಚಿನದು ಜೂನಿನಿಂದ ಸೆಪ್ಟೆಂಬರಿನೊಳಗೆ. ಎಲೆ ಏಳೆಂಟು ಗಂಟೆ ಒದ್ದೆಯಾಗಿದ್ದರೆ ಸಾಕು, ಕಪ್ಪು ಚುಕ್ಕೆ ರೋಗದ ಶಿಲೀಂಧ್ರ ಒಳಹೊಕ್ಕುತ್ತದೆ. ಆಷಾಢದ ಜಿಟಿಜಿಟಿಯಲ್ಲಿ ಆಕೆಯ ಗಿಡಗಳು ಬೋಳಾಗುವುದು ಇದರಿಂದಲೇ. ಆಕೆ ಮಳೆಗಾಲದಲ್ಲಿ ಕುಂಡಗಳನ್ನು ಮನೆಯ ಮುಂದಿನ ತಗಡಿನ ಕೆಳಗೆ ಸರಿಸಿ, ಉದುರಿದ ಎಲೆಗಳನ್ನು ಆರಿಸಿ ಹೊರಗೆಸೆಯುತ್ತಾಳೆ. ಎಲೆ ಹಳದಿಯಾಗುವ ನನ್ನ ಗೋಳು ಆಕೆಗೆ ಗೊತ್ತೇ ಇಲ್ಲ, ನೆರಳು ಪರದೆಯ ಖರ್ಚೂ ಇಲ್ಲ. ಇನ್ನೂರು ಕಿಲೋಮೀಟರಿನ ಆಚೀಚೆ ಇಷ್ಟು ವ್ಯತ್ಯಾಸವಿರುವಾಗ ಇಡೀ ರಾಜ್ಯಕ್ಕೆ ಒಂದೇ ಸಲಹೆಯನ್ನು ಅಚ್ಚು ಹಾಕುವುದು ಹೇಗೆ ಸರಿಯಾದೀತು?

ಆದ್ದರಿಂದ, ಇನ್ನು ಮುಂದೆ ಕೈತೋಟದ ಲೇಖನಗಳ ತಲೆಯ ಮೇಲೆ ಅವು ಯಾವ ಹವೆಗೆ, ಯಾವ ಮಣ್ಣಿಗೆ ಅನ್ವಯಿಸುತ್ತವೆಂಬುದನ್ನು ನಮೂದಿಸಬೇಕೆಂದು ಕೋರುತ್ತೇನೆ. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೇ ಇರುವುದರಿಂದ, ಅಲ್ಲಿಯ ತಜ್ಞರಿಂದ ಬಯಲುಸೀಮೆಯ ಕುಂಡದ ಗುಲಾಬಿಗೆ ತಿಂಗಳುವಾರು ಕೆಲಸಗಳ ಪಟ್ಟಿಯೊಂದನ್ನು ಬರೆಯಿಸಿ, ಚಾಟ್ನಿಗೆ ಅನುಕೂಲವಾಗುವಂತೆ ದಸರೆಗೆ ಮೊದಲು ಪ್ರಕಟಿಸಿದರೆ ಉಪಕಾರವಾಗುತ್ತದೆ. ಗಿಡ ಮಾರುವವರೂ ಬೆಲೆಯ ಚೀಟಿಯಲ್ಲಿ ಬೇರುಸಸಿಯ ಹೆಸರನ್ನು ಬರೆಯಲಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ವಿಜಯಪುರ