ಮೂಕಿ ಚಿತ್ರದ ಕವಿತೆ ಕನ್ನಡದಲ್ಲೂ ಬರಲಿ

ಮಾನ್ಯರೇ,

ಹಳೆಯ ಸಾಕ್ಷ್ಯಚಿತ್ರಗಳ ಕುರಿತ ಲೇಖನ ಓದಿದೆ. ‘ಮ್ಯಾನ್‌ಹಟ್ಟಾ’ದಂಥ ಚಿತ್ರವನ್ನು ನಮ್ಮಲ್ಲಿ ಕನ್ನಡ ಸಾಲುಗಳೊಂದಿಗೇ ತೋರಿಸಬೇಕು. ಪಾಲ್ ಸ್ಟ್ರ್ಯಾಂಡ್, ಚಾರ್ಲ್ಸ್ ಶೀಲರ್ ಸೇರಿ ಮಾಡಿದ, 1921ರಲ್ಲಿ ತೆರೆಕಂಡ ಈ ಮೂಕಿ ಚಿತ್ರ ಹತ್ತು–ಹನ್ನೊಂದು ನಿಮಿಷದ್ದು. ದೋಣಿ ದಡ ಸೇರುತ್ತದೆ. ಜನ ದಬದಬನೆ ಇಳಿದು ನ್ಯೂಯಾರ್ಕಿನ ಬೀದಿಗೆ ನುಗ್ಗುತ್ತಾರೆ. ನಡುನಡುವೆ ಪರದೆಯ ಮೇಲೆ ಅಮೆರಿಕದ ಕವಿ ವಾಲ್ಟ್ ವಿಟ್ಮನ್ ಅವರ ಇಂಗ್ಲಿಷ್ ಸಾಲುಗಳು. ಕವಿ ತೀರಿಕೊಂಡದ್ದು 1892ರಲ್ಲಿ. ಅಲ್ಲಿ ಕಾಣುವ ಗಗನಚುಂಬಿಗಳನ್ನು ಅವರು ನೋಡಿರಲೇ ಇಲ್ಲ. ಆದರೂ ಮಾತು ದೃಶ್ಯಕ್ಕೆ ಹೊಂದುತ್ತದೆ. ಸೊಗಸು ಇರುವುದೇ ಅಲ್ಲಿ, ಅಲ್ವಾ? ಆ ಸಾಲು ಅರ್ಥವಾಗದಿದ್ದರೆ ನೋಡುಗನಿಗೆ ಉಳಿಯುವುದು ಸುಮ್ನೆ ಕಟ್ಟಡ, ಹೊಗೆ. ಚಿತ್ರ ಸಮಾಜಗಳು ಒಬ್ಬ ಕವಿಯಿಂದಲೇ ಅನುವಾದ ಮಾಡಿಸಲಿ. ಓದಿ ಮುಗಿಸುವಷ್ಟು ಹೊತ್ತು ಸಾಲುಗಳು ಪರದೆಯ ಮೇಲೆ ನಿಲ್ಲಲಿ.

– ಒಬ್ಬ ಓದುಗ